ತೊಗಲು ಸುತ್ತಿದ ಇಕ್ಕಳ

ನಮಸ್ಕಾರ.

ಹೆರಿಗೆ ವೈದ್ಯ ವಿಲಿಯಂ ಸ್ಮೆಲಿ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. 1697ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ, ಅಲ್ಲಿನ ಲ್ಯಾನಾರ್ಕಿನಲ್ಲಿ ವೈದ್ಯವೃತ್ತಿ ಮಾಡಿಕೊಂಡಿದ್ದ, 1739ರಲ್ಲಿ ಲಂಡನ್ನಿಗೆ ಬಂದ. ಇಷ್ಟಕ್ಕೆ ಒಂದು ಸಾಲು ಸಾಕು. 'ಪ್ರಸೂತಿಶಾಸ್ತ್ರದ ಪಿತಾಮಹ', 'ಮಹಾನ್ ಚೇತನ' ಅಂತ ಆರೇಳು ಕಡೆ ಬರೆದಿದ್ದೀರಿ. ಅದರಿಂದ ಓದುವವರ ಕಣ್ಣಿಗೆ ಏನೂ ಕಟ್ಟುವುದಿಲ್ಲ.

ಕಣ್ಣಿಗೆ ಕಟ್ಟುವ ಸಂಗತಿ ನಾಲ್ಕನೇ ಪುಟದಲ್ಲಿ ಅಡಗಿ ಕೂತಿದೆ. 'ಆತ ಇಕ್ಕಳಕ್ಕೆ ತೊಗಲು ಸುತ್ತುತ್ತಿದ್ದ' ಅಂತ ಹೇಳಿ ಸುಮ್ನೆ ಮುಂದೆ ಹೋಗಿದ್ದೀರಿ. ಕೂಸಿನ ತಲೆ ಹಿಡಿದು ಹೊರಗೆಳೆಯುವ ಆ ಇಕ್ಕಳಕ್ಕೆ ಯಾಕೆ ಸುತ್ತುತ್ತಿದ್ದ? ಆ ಕೋಣೆಯನ್ನು ಒಮ್ಮೆ ನೆನೆಸಿಕೊಳ್ಳಿ. ಹೆಂಗಸು ನೋವು ತಿನ್ನುತ್ತಿದ್ದಾಳೆ. ಹೆರಿಗೆಗೆ ಗಂಡಸು ವೈದ್ಯ ಬರುತ್ತಿದ್ದದ್ದೇ ಕೈಮೀರಿದ ಮೇಲೆ, ಎಷ್ಟೋ ಸಲ ಸತ್ತ ಕೂಸನ್ನು ಕೊಕ್ಕೆ ಹಾಕಿ ಎಳೆಯುವುದಕ್ಕೆ. ಹಾಗಾಗಿ ಕಬ್ಬಿಣದ ಸಪ್ಪಳ ಕೇಳಿದರೇ ಅವಳ ಜೀವ ಹೋದ ಹಾಗೆ. ಇಕ್ಕಳದ ಎರಡು ತೋಳನ್ನೂ ಬೇರೆ ಬೇರೆ ಜೇಬಿನಲ್ಲಿಟ್ಟುಕೊಂಡು, ಹೊದಿಕೆಯ ಮರೆಯಲ್ಲಿ ಜೋಡಿಸುವುದನ್ನು ಸ್ಮೆಲಿ ಕಲಿಸಿದ. ಒಂದಕ್ಕೊಂದು ತಾಗಿ ಟಣ್ ಅನ್ನಬಾರದು, ಅದಕ್ಕೆ ತೊಗಲು. ಜಾರಲಿ ಅಂತ ಮೇಲೆ ಹಂದಿಕೊಬ್ಬು. ಲೇಖನ ಇಲ್ಲಿಂದಲೇ ಶುರುವಾಗಲಿ. ಅದೇ ತೊಗಲು ಒಬ್ಬಳಿಂದ ಇನ್ನೊಬ್ಬಳಿಗೆ ಸೋಂಕನ್ನೂ ಹೊತ್ತೊಯ್ಯಬಲ್ಲದು. ರೋಗಾಣುಗಳ ಸುಳಿವು ಆಗ ವೈದ್ಯರಿಗೆ ಇರಲಿಲ್ಲ. ಅದನ್ನೂ ಮುಚ್ಚಿಡಬೇಡಿ.

ಹತ್ತು ವರ್ಷದಲ್ಲಿ 280ಕ್ಕೂ ಜಾಸ್ತಿ ಪಾಠಸರಣಿ, 900ಕ್ಕೂ ಜಾಸ್ತಿ ಗಂಡಸು ಶಿಷ್ಯರು ಅಂತ ಲೆಕ್ಕ ಕೊಟ್ಟಿದ್ದೀರಿ. ಸ್ಮೆಲಿಯೇ ಬರೆದಿಟ್ಟ ಲೆಕ್ಕ ಅದು. ಆದರೆ ಅದರ ಜೊತೆಗೇ ಇರುವ ಇನ್ನೊಂದು ಅಂಕಿ ಬಿಟ್ಟುಹೋಗಿದೆ. ಆ ಶಿಷ್ಯರ ಕಣ್ಣೆದುರು ಹೆತ್ತ ಬಡ ಹೆಂಗಸರು 1,150 ಮಂದಿ. ಕೈಯಲ್ಲಿ ಕಾಸಿಲ್ಲ, ಆರೈಕೆ ಬೇಕು, ಅದಕ್ಕೆ ಗುರುತಿಲ್ಲದ ಹುಡುಗರ ಮುಂದೆ ಹೆರಬೇಕು. ಆ ಹೆಂಗಸರಿಲ್ಲದೆ ಈ ಕಥೆ ಹೇಗೆ ಹೇಳುತ್ತೀರಿ? ನನಗೆ ಅತಿ ಹೆಚ್ಚು ಬೇಸರವಾದದ್ದು ಇದೇ.

ಸೂಲಗಿತ್ತಿ ಎಲಿಜಬೆತ್ ನಿಹೆಲ್ ಟೀಕೆಯನ್ನು 'ಹೊಟ್ಟೆಕಿಚ್ಚು' ಅಂದದ್ದು ಸರಿಯಲ್ಲ. ಆಕೆ ಪ್ಯಾರಿಸ್ಸಿನಲ್ಲಿ ಕಲಿತು ಬಂದವಳು. 1760ರ ತನ್ನ ಪುಸ್ತಕದಲ್ಲಿ, ಸ್ಮೆಲಿ ಪಾಠ ಹೇಳಲು ಮಾಡಿಸಿದ ತೊಗಲುಹೊಟ್ಟೆಯ ಬೊಂಬೆಯನ್ನು ಆಡಿಕೊಂಡಳು, ನಿಜ. ಆದರೆ ಕಾಯಬೇಕಾದ ಕಡೆ ಗಂಡಸರು ಅವಸರಕ್ಕೆ ಇಕ್ಕಳ ಹಾಕುತ್ತಾರೆ ಅನ್ನುವ ಅವಳ ಭಯ ಸುಳ್ಳೇ? ಇಕ್ಕಳ ಬೇಕಾಗುವುದು ಅಪರೂಪ ಅಂತ ಸ್ಮೆಲಿಯೂ ಬರೆದಿದ್ದಾನೆ, ಅಲ್ವಾ? ಇಬ್ಬರ ಮಾತನ್ನೂ ಎದುರುಬದುರು ಕೂರಿಸಿ.

ಚೇಂಬರ್ಲೆನ್ ಅನ್ನುವ ವೈದ್ಯರ ಮನೆತನ ತಲೆಮಾರುಗಟ್ಟಲೆ ಗುಟ್ಟಾಗಿಟ್ಟಿದ್ದ ಸಾಧನ ಇಕ್ಕಳ. ಅದನ್ನು ಬಳಸುವ ಬಗೆಯನ್ನು ಸ್ಮೆಲಿ 1752ರಲ್ಲಿ ಎಲ್ಲರೂ ಓದುವಂತೆ ಅಚ್ಚು ಹಾಕಿಸಿದ. ಆ ಭಾಗ ತುಂಬ ಚೆನ್ನಾಗಿ ಬಂದಿದೆ. ಒಂದಕ್ಷರ ಮುಟ್ಟಬೇಡಿ.

ಸ್ಮೆಲಿಯ 1754ರ ಚಿತ್ರಸಂಪುಟದಿಂದ, ಕೂಸಿನ ತಲೆ ತಿರುಗಿಕೊಂಡು ಕೆಳಗಿಳಿಯುವ ಚಿತ್ರ ಒಂದನ್ನು ಜೊತೆಗಿಡಿ. ತಿದ್ದಿದ ಪ್ರತಿಯನ್ನು ನೇರ ನನಗೇ ಕಳಿಸಿ. ಕಾಯುತ್ತಿರುತ್ತೇನೆ.