ಗ್ಯಾಸ್ ಆಫ್ ಆಗಿದೆ ಅಂತ ಗೊತ್ತು, ಆದರೂ ಕೈ ಮತ್ತೆ ಹೋಗುತ್ತದೆ

ಪ್ರಶ್ನೆ: ನನಗೆ 31 ವರ್ಷ. ಅಪ್ಪ ತೀರಿಕೊಂಡ ಮೇಲೆ ದಾವಣಗೆರೆಯ ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಬಡ್ತಿ ಕೊಟ್ಟು ಪುಣೆಗೆ ಕಳಿಸುತ್ತೇವೆ ಎಂದು ಆಫೀಸಿನಲ್ಲಿ ಹೇಳಿ ಮೂರು ತಿಂಗಳಾಯಿತು. ಅಮ್ಮ ‘ಹೋಗು’ ಅನ್ನುತ್ತಾರೆ, ಆದರೆ ಮುಖ ನೋಡಿ ಹೇಳುವುದಿಲ್ಲ. ಆಗಿನಿಂದ ರಾತ್ರಿ ಹತ್ತು ಸಲ ಎದ್ದು ಗ್ಯಾಸ್ ರೆಗ್ಯುಲೇಟರ್ ಮುಟ್ಟಿ ನೋಡುತ್ತೇನೆ. ಎದೆ ಡವಡವ. ಇಸಿಜಿ, ಥೈರಾಯ್ಡ್ ಎರಡೂ ಸರಿ ಇವೆ. ಡಾಕ್ಟರ್ ‘ನ್ಯೂರೋಸಿಸ್’ ಅಂದರು. ನನಗೆ ಹುಚ್ಚು ಹಿಡಿಯುತ್ತಿದೆಯಾ?

ಉತ್ತರ: ಇಲ್ಲ, ಖಂಡಿತ ಇಲ್ಲ. ರೆಗ್ಯುಲೇಟರ್ ಆಫ್ ಆಗಿದೆ ಅಂತ ನಿಮಗೆ ಗೊತ್ತು. ಮತ್ತೆ ಮತ್ತೆ ನೋಡುವುದು ಅತಿಯಾಯಿತು ಅಂತಲೂ ಗೊತ್ತು. ನ್ಯೂರೋಸಿಸ್ ಅಂದರೆ ಆತಂಕ, ಗೀಳಿನಂಥ ಮನಸ್ಸಿನ ತೊಂದರೆಗಳಿಗೆ ಇದ್ದ ಹಳೆಯ ಹೆಸರು, ಅದರಲ್ಲಿ ಈ ಅರಿವು ಉಳಿದಿರುತ್ತದೆ.

ಇದು ‘ನರ ವೀಕ್‌ನೆಸ್’ ಕೂಡ ಅಲ್ಲ, ಟಾನಿಕ್‌ಗೆ ದುಡ್ಡು ಹಾಕಬೇಡಿ. 1769ರಲ್ಲಿ ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ಕಲೆನ್ ನ್ಯೂರೋಸಿಸ್ ಅಂತ ಹೆಸರಿಟ್ಟಾಗ ನರಗಳ ದೋಷ ಅಂತಲೇ ನಂಬಿದ್ದರು. ಆತಂಕ ಅನ್ನುವುದು ಮನಸ್ಸೊಳಗಿನ ಜಗಳಕ್ಕೆ ಬಾರಿಸುವ ಎಚ್ಚರಿಕೆ ಗಂಟೆ ಎಂದು 1926ರಲ್ಲಿ ಬರೆದವರು ಮನೋವಿಶ್ಲೇಷಣೆ ಶುರುಮಾಡಿದ ವೈದ್ಯ ಫ್ರಾಯ್ಡ್. 1980ರಿಂದ ಅಮೆರಿಕದ ಮನೋವೈದ್ಯರು ಈ ಪದ ಬಿಟ್ಟು ಆತಂಕ, ಪ್ಯಾನಿಕ್, ಗೀಳು ಎಂದು ಬೇರೆ ಬೇರೆ ಹೆಸರಿಂದ ಕರೆಯತೊಡಗಿದರು. ನಿಮ್ಮದು ಗೀಳಿನ ಕಡೆಗೆ ವಾಲಿದೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಮುಖ ನೋಡಿ ಹೇಳುವುದಿಲ್ಲ’ ಅನ್ನುವ ಮಾತು. ಹೋಗುವ ಆಸೆ ನಿಮಗಿದೆ. ಹೋದರೆ ಅಮ್ಮನನ್ನು ಒಂಟಿ ಮಾಡಿದಂತೆ. ಉಳಿದರೆ ಅವರ ಮೇಲೆಯೇ ಸಿಟ್ಟು ಬರಬಹುದು, ಹೆತ್ತ ತಾಯಿ ಮೇಲೆ ಸಿಟ್ಟು ಅಂತ ಒಪ್ಪಿಕೊಳ್ಳುವುದು ಸುಲಭವಾ? ಬಾಯಿಗೆ ಬಾರದ ಆ ಭಯ ಅಡುಗೆಮನೆಗೆ ಹೋಗಿ ಕೂತಿರಬಹುದು: ನನ್ನಿಂದ ಅಮ್ಮನಿಗೆ ಏನಾದರೂ ಆದರೆ? ಒಂದು ಪತ್ರ ಓದಿ ನನಗೆ ತೋಚಿದ್ದು ಇದು. ಹುಟ್ಟುಗುಣ, ಮನೆತನದಿಂದ ಬಂದದ್ದು ಕೂಡ ಸೇರಿರುತ್ತದೆ.

ಇನ್ನೊಂದು ವಿಷಯ. ಮುಟ್ಟಿ ನೋಡಿದ ಕೂಡಲೇ ಎರಡು ನಿಮಿಷ ಹಾಯ್ ಅನ್ನಿಸುತ್ತದೆ ಅಲ್ವಾ? ತೊಂದರೆ ಬೆಳೆಯುವುದೇ ಅಲ್ಲಿ. ನೋಡಿದ್ದರಿಂದಲೇ ಬಚಾವಾದೆ ಅಂತ ಮನಸ್ಸು ಕಲಿಯುತ್ತದೆ. ನಾಳೆ ಇನ್ನೂ ಜಾಸ್ತಿ ಕೇಳುತ್ತದೆ. ಹಾಗಾಗಿ ಮಲಗುವ ಮುಂಚೆ ಒಂದೇ ಸಲ ನೋಡಿ. ನಾಬ್ ತಿರುಗಿಸಿ, ‘ಆಫ್ ಮಾಡಿದೆ’ ಅಂತ ಬಾಯಿಬಿಟ್ಟು ಹೇಳಿ, ಹೋಗಿ ಮಲಗಿ. ಕಳವಳ ಏರುತ್ತದೆ. ಏಳಬೇಡಿ. ಸುಮ್ನೆ ಬಿಟ್ಟರೆ ಅದಾಗೇ ಇಳಿಯುತ್ತದೆ. ಮೊದಮೊದಲು ಕಷ್ಟ, ಆದ್ದರಿಂದ ಮನಃಶಾಸ್ತ್ರಜ್ಞರ ಜೊತೆ ಹಂತಹಂತವಾಗಿ ಮಾಡುವುದು ಒಳ್ಳೆಯದು. ಮನೋವೈದ್ಯರು ಮಾತ್ರೆ ಕೊಟ್ಟರೆ ಹೆದರಬೇಡಿ, ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ. ಎಲ್ಲಿಂದ ಶುರು ಮಾಡುವುದು ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಈ ವಾರವೇ ಒಂದು ಸಂಜೆ ಅಮ್ಮನ ಪಕ್ಕ ಕೂತು, ‘ಹೋಗಬೇಕು ಅನ್ನಿಸುತ್ತೆ, ಹೆದರಿಕೆನೂ ಆಗುತ್ತೆ’ ಅಂತ ಎರಡನ್ನೂ ಒಟ್ಟಿಗೆ ಹೇಳಿ. ಅವರು ಏನು ಹೇಳುತ್ತಾರೋ ಪೂರ್ತಿ ಕೇಳಿಸಿಕೊಳ್ಳಿ. ರಾತ್ರಿ ನೀವು ‘ಗ್ಯಾಸ್ ಆಫ್ ಆಗಿದೆಯಾ?’ ಅಂತ ಕೇಳಿದರೆ ಉತ್ತರ ಕೊಡಬೇಡಿ ಅಂತಲೂ ಅವರಿಗೆ ಹೇಳಿಡಿ, ಆ ಉತ್ತರ ಕೂಡ ಮತ್ತೆ ಮುಟ್ಟಿ ನೋಡಿದ ಹಾಗೆಯೇ.