ಮುಂಗಾರಿಗೆ ಮುಂಚೆ ಲಾರಿ ತಾಡಪತ್ರಿಗೆ ಏನೇನು ಮಾಡಬೇಕು?

ಹಾವೇರಿಯಿಂದ ಗೋವಿನಜೋಳ, ಬ್ಯಾಡಗಿಯಿಂದ ಮೆಣಸಿನಕಾಯಿ ಸಾಗಿಸುತ್ತೀರಿ, ಹೋದ ವರ್ಷ ಕೊಂಡ ಕ್ಯಾನ್ವಾಸ್ ತಾಡಪತ್ರಿ ಈಗಲೇ ಸೋರುತ್ತಿದೆ, ಮಳೆಗಾಲಕ್ಕೆ ಮೊದಲು ಏನು ಮಾಡಲಿ ಎಂದು ಕೇಳಿದ್ದೀರಿ. ಇಷ್ಟು ಬೇಗ ಸೋರಲು ಹೆಚ್ಚಾಗಿ ಎರಡು ಕಾರಣ: ಹಸಿ ಇದ್ದಾಗಲೇ ಮಡಚಿಟ್ಟದ್ದು, ಇಲ್ಲವೇ ಬಾಡಿಯ ಅಂಚಿಗೆ ದಿನಾ ಒಂದೇ ಜಾಗದಲ್ಲಿ ಉಜ್ಜಿದ್ದು.

ಮೇ ತಿಂಗಳ ಬಿಸಿಲಲ್ಲೇ ಪರೀಕ್ಷೆ ಮಾಡಿ. ಹಗ್ಗದ ಮೇಲೆ ಹರವಿ, ಒಬ್ಬರು ಕೆಳಗೆ ನಿಂತು ಮೇಲೆ ನೋಡಲಿ. ಸೂಜಿಮೊನೆಯಷ್ಟು ಬೆಳಕು ಕಂಡಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ಬಾಡಿಯ ಅಂಚು ಬರುವ ಗೆರೆಯಲ್ಲೇ ಸಾಲಾಗಿ ತೂತಿದ್ದರೆ ಉಜ್ಜಾಟ. ಮಡಿಕೆಯ ಗೆರೆಯಲ್ಲಿ ಕಪ್ಪು ಚುಕ್ಕೆ, ಮುಗ್ಗಲು ವಾಸನೆ ಇದ್ದರೆ ಬೂಸ್ಟು. ಅಲ್ಲಿ ಎರಡೂ ಕೈಯಿಂದ ಜಗ್ಗಿ ನೋಡಿ. ಬಟ್ಟೆ ಹರಿದರೆ ತೇಪೆ ನಿಲ್ಲುವುದಿಲ್ಲ, ಆ ಭಾಗವನ್ನೇ ಕತ್ತರಿಸಿ ಹೊಸ ಪಟ್ಟಿ ಹೊಲಿಸಬೇಕು. ತೂತು ಕಾಣದಿದ್ದರೂ ಸೋರುತ್ತದೆಯೇ? ಜೋಳಿಗೆಯಂತೆ ಕಟ್ಟಿ ಒಂದು ಬಕೆಟ್ ನೀರು ಸುರಿದು ಅರ್ಧ ಗಂಟೆ ಬಿಡಿ. ತಳ ತೇವವಾದರೆ ಚಿಂತೆಯಿಲ್ಲ. ಹನಿ ಬೀಳತೊಡಗಿದರೆ ಬಟ್ಟೆಗೆ ನೀರು ಇಳಿಯದಂತೆ ಹಚ್ಚಿದ್ದ ಮೇಣದ ಲೇಪ ಹೋಗಿದೆ ಎಂದರ್ಥ.

ಈ ಲೇಪವನ್ನು ಬಹಳ ಜನ ತಾವೇ ತೊಳೆದು ಕಳೆಯುತ್ತಾರೆ. ಕ್ಯಾನ್ವಾಸಿಗೆ ಸೋಪಿನ ಪುಡಿ ಮುಟ್ಟಿಸಬೇಡಿ, ಬರೀ ನೀರು ಮತ್ತು ಮೆತ್ತನೆಯ ಬ್ರಷ್ ಸಾಕು. ವಾಟರ್ ಸರ್ವಿಸ್‌ನ ಜೋರು ನೀರೂ ಬೇಡ. ರಾಸಾಯನಿಕ ಗೊಬ್ಬರ ಹೇರಿದ್ದರೆ ಮಾತ್ರ ಅದೇ ದಿನ ತೊಳೆಯಲೇಬೇಕು. ಅದರ ಪುಡಿ ಗಾಳಿಯ ತೇವ ಹೀರಿ ಬಟ್ಟೆಯನ್ನು ಹಸಿಯಾಗಿಡುತ್ತದೆ, ಹಗ್ಗ ಪೋಣಿಸುವ ಕಬ್ಬಿಣದ ರಿಂಗನ್ನು ತಿನ್ನುತ್ತದೆ. ಎರಡೂ ಬದಿ ಪೂರ್ತಿ ಒಣಗಿದ ಮೇಲೆ, ತಾಡಪತ್ರಿ ಅಂಗಡಿಯಲ್ಲಿ ಸಿಗುವ ವಾಟರ್‌ಪ್ರೂಫಿಂಗ್ ದ್ರಾವಣವನ್ನು ತೆಳ್ಳಗೆ ಎರಡು ಸಲ ಹಚ್ಚಿ, ಹೊಲಿಗೆಗಳ ಮೇಲೆ ಇನ್ನೊಂದು ಸಲ. ಡೀಸೆಲ್, ಸುಟ್ಟ ಆಯಿಲ್ ಹಚ್ಚುವ ರೂಢಿ ಕೆಲವರಲ್ಲಿದೆ, ದಯವಿಟ್ಟು ಮಾಡಬೇಡಿ. ಮೇಣ ಕರಗುತ್ತದೆ, ಬೆಂಕಿಯ ಭಯ ಬೇರೆ, ಮೆಣಸಿನಕಾಯಿಗೆ ವಾಸನೆ ಹತ್ತಿದರೆ ಆ ಮಾಲನ್ನು ಯಾರೂ ಕೊಳ್ಳುವುದಿಲ್ಲ.

ತೇಪೆ ತೂತಿಗಿಂತ ಸುತ್ತಲೂ 2 ಇಂಚು ದೊಡ್ಡದಿರಲಿ, ಎರಡು ಸಾಲು ಹೊಲಿಗೆ ಹಾಕಿಸಿ ಸೂಜಿಯ ತೂತಿಗೆ ಮೇಣ ತಿಕ್ಕಿ. ಪಿವಿಸಿ (ದಪ್ಪ ಪ್ಲಾಸ್ಟಿಕ್ ಲೇಪದ) ತಾಡಪತ್ರಿಯಾದರೆ ಹೊಲಿಯುವ ಬದಲು ಬಿಸಿಗಾಳಿಯಿಂದ ಅಂಟಿಸಬೇಕು, ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಏಳುವುದಿಲ್ಲ. ಹಗುರ ಪ್ಲಾಸ್ಟಿಕ್ ತಾಡಪತ್ರಿಗೆ ಪಿವಿಸಿ ಗೋಂದು ಹಿಡಿಯುವುದೇ ಇಲ್ಲ.

ಇದೆಲ್ಲ ಮಾಡಿಯೂ ಬಾಡಿಯನ್ನು ಹಾಗೇ ಬಿಟ್ಟರೆ ಮುಂದಿನ ವರ್ಷ ಇದೇ ಪಾಡು. ಫಾಲ್ಕದ (ಬಾಡಿಯ ಹಲಗೆಯ) ಮೇಲಂಚಿನ ಉದ್ದಕ್ಕೂ ಕೈಯಾಡಿಸಿ. ಎದ್ದ ಮೊಳೆ, ಬೋಲ್ಟಿನ ತುದಿ, ಆ್ಯಂಗಲ್‌ನ ಮೂಲೆ ಸಿಕ್ಕಲ್ಲೆಲ್ಲ ಹಳೆಯ ಟೈರ್ ಟ್ಯೂಬನ್ನು ಸೀಳಿ ಸುತ್ತಿ ಕಟ್ಟಿ. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನದು ಇದೇ, ಅತಿ ಹೆಚ್ಚು ಉಳಿಸುವುದೂ ಇದೇ.

ಹಗ್ಗದ ಎಳೆಯನ್ನು ಬಿಚ್ಚಿ ನೋಡಿ. ಒಳಗೆ ಪುಡಿ ಉದುರಿದರೆ ಬದಲಿಸಿ. ನೈಲಾನ್ ಹಗ್ಗ ನೆನೆದರೆ ಸಡಿಲಾಗುತ್ತದೆ, ಹತ್ತಿ ಅಥವಾ ಸೆಣಬಿನದು ನೆನೆದು ಬಿಗಿದು ರಿಂಗನ್ನೇ ಕಿತ್ತುಬಿಡುತ್ತದೆ. ಹಾಗಾಗಿ ಮಳೆ ಹಿಡಿದ ಮೇಲೆ ಗಾಡಿ ನಿಲ್ಲಿಸಿ ಒಮ್ಮೆ ಕಟ್ಟು ನೋಡಲೇಬೇಕು, ಅದರಲ್ಲೂ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವ ಮುಂಚೆ.

ಹೊದಿಸುವಾಗ ಚೀಲಗಳ ನಡುಸಾಲು ಎತ್ತರವಿರಲಿ. ಒಂದು ಚದರ ಮೀಟರಿನಲ್ಲಿ 1 ಸೆಂ.ಮೀ. ನೀರು ನಿಂತರೆ 10 ಕಿಲೋ ಭಾರ, ಅದು ಗುಂಡಿಯನ್ನು ಇನ್ನಷ್ಟು ಆಳ ಮಾಡುತ್ತ ಹೋಗುತ್ತದೆ. ಎರಡು ತಾಡಪತ್ರಿ ಹಾಕುವುದಾದರೆ ಮೊದಲು ಹಿಂದಿನದು, ಆಮೇಲೆ ಕ್ಯಾಬಿನ್ ಕಡೆಯದು ಅದರ ಮೇಲೆ 3 ಅಡಿಯಾದರೂ ಬರಬೇಕು. ತಿರುಗಾಮುರುಗಾ ಹಾಕಿದರೆ ಓಡುವ ಗಾಡಿಗೆ ಎದುರುಗಾಳಿ ಸಂದಿಯಲ್ಲಿ ನುಗ್ಗಿ ಮಳೆಯನ್ನು ಒಳಗೆ ತಳ್ಳುತ್ತದೆ.

ಗೋವಿನಜೋಳ ಹಸಿ ಇದ್ದರೆ ಪಿವಿಸಿ ಅಡಿಯಲ್ಲಿ ಬೆವರಿ ಮೇಲಿನ ಚೀಲ ಮುಗ್ಗುತ್ತವೆ, ಅದು ಸೋರಿಕೆಯಲ್ಲ. ಇಂಥ ಮಾಲಿಗೆ ಉಸಿರಾಡುವ ಕ್ಯಾನ್ವಾಸೇ ಒಳ್ಳೆಯದು. ಮಳೆಯಲ್ಲೇ ಮಾಲು ಇಳಿಸಿದಿರಾ? ತಾಡಪತ್ರಿಯನ್ನು ಮಡಚದೆ ಖಾಲಿ ಬಾಡಿಯ ಮೇಲೇ ಇಳಿಜಾರಾಗಿ ಕಟ್ಟಿ ತನ್ನಿ, ಬಿಸಿಲು ಬಿದ್ದ ದಿನ ಎರಡೂ ಬದಿ ಒಣಗಿಸಿ. ದೀಪಾವಳಿ ಹೊತ್ತಿಗೆ ಮಳೆ ನಿಂತ ಮೇಲೆ ಸುರುಳಿ ಸುತ್ತಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ಕಾಳಿನ ಧೂಳು ಉಳಿದಿದ್ದರೆ ಇಲಿ ಬಿಡುವುದಿಲ್ಲ, ಸುತ್ತುವ ಮುಂಚೆ ಚೆನ್ನಾಗಿ ಕೊಡವಿ.