ಮ್ಯೂನಿಕ್‌ನಿಂದ ವೆನಿಸ್‌ಗೆ ವಯಸ್ಸಾದ ತಂದೆ ತಾಯಿಯನ್ನು ಕರೆದುಕೊಂಡು ಹೋಗಲು ಯಾವ ಸಾರಿಗೆ ಒಳ್ಳೆಯದು?

ಬೆಂಗಳೂರಿನಿಂದ ಬರಲಿರುವ, ಅರವತ್ತೈದು ದಾಟಿದ ತಂದೆ ತಾಯಿಯನ್ನು ಎರಡು ರಾತ್ರಿಯ ಮಟ್ಟಿಗೆ ವೆನಿಸ್‌ಗೆ ಕರೆದೊಯ್ಯಬೇಕೆಂದಿದ್ದೇನೆ, ವಿಮಾನ, ರೈಲು, ಬಸ್ಸು, ಬಾಡಿಗೆ ಕಾರು ಇವುಗಳಲ್ಲಿ ಯಾವುದನ್ನು ಆರಿಸಲಿ ಎಂದು ಕೇಳಿದ್ದೀರಿ. ನಾನು ಮ್ಯೂನಿಕ್‌ನಲ್ಲಿಯೇ ನೆಲೆಸಿದ್ದೇನೆ. ನನ್ನ ಅತ್ತೆ ಮಾವನವರನ್ನೂ, ಊರಿನಿಂದ ಬಂದ ಇತರ ಹಿರಿಯರನ್ನೂ ಈ ದಾರಿಯಲ್ಲಿ ಕರೆದುಕೊಂಡು ಹೋಗಿದ್ದೇನೆ. ಹಗಲು ಹೊತ್ತು ಸಂಚರಿಸುವ ನೇರ ರೈಲನ್ನೇ ಹಿಡಿಯಿರಿ ಎಂಬುದು ನನ್ನ ಸಲಹೆ. ಆ ಊರಿಗೆ ಎಷ್ಟು ಬೇಗ ತಲುಪುತ್ತೀರಿ ಎನ್ನುವುದಕ್ಕಿಂತ, ಊರಿನ ಯಾವ ಜಾಗದಲ್ಲಿ ಇಳಿಯುತ್ತೀರಿ ಮತ್ತು ಅಲ್ಲಿಂದ ಕೋಣೆಯವರೆಗೆ ಪೆಟ್ಟಿಗೆ ಹಿಡಿದು ಎಷ್ಟು ಮೆಟ್ಟಿಲು ಹತ್ತಿಳಿಯಬೇಕು ಎನ್ನುವುದೇ ಹಿರಿಯರಿಗೆ ಹೆಚ್ಚು ಮುಖ್ಯ ಎಂದು ನಾನು ಬಲವಾಗಿ ನಂಬಿದ್ದೇನೆ. ವೆನಿಸ್‌ನ ಒಳಗೆ ಕಾರೂ ಇಲ್ಲ, ಆಟೊವೂ ಇಲ್ಲ. ನಾನೂರಕ್ಕೂ ಹೆಚ್ಚು ಸೇತುವೆಗಳಿವೆ, ಅವುಗಳಲ್ಲಿ ಹೆಚ್ಚಿನವಕ್ಕೆ ಮೆಟ್ಟಿಲುಗಳಿವೆ.

ವಿಮಾನ ಹಾರುವುದು ಸುಮಾರು ಒಂದು ಗಂಟೆ ಮಾತ್ರ. ಆದರೆ ಮ್ಯೂನಿಕ್ ನಗರದಿಂದ ವಿಮಾನ ನಿಲ್ದಾಣಕ್ಕೆ ಎಸ್-ಬಾನ್ ಎಂಬ ನಗರ ರೈಲಿನಲ್ಲಿ ಮುಕ್ಕಾಲು ಗಂಟೆ ಬೇಕು, ಎರಡು ಗಂಟೆ ಮೊದಲೇ ಅಲ್ಲಿರಬೇಕು, ಇಳಿದ ಮೇಲೆ ಲಗೇಜಿಗಾಗಿ ಕಾಯಬೇಕು. ವೆನಿಸ್‌ನ ಮಾರ್ಕೊ ಪೋಲೊ ವಿಮಾನ ನಿಲ್ದಾಣವೂ ದ್ವೀಪನಗರದಲ್ಲಿಲ್ಲ; ಅದು ಹಿನ್ನೀರಿನ ಅಂಚಿನಲ್ಲಿ, ಮುಖ್ಯಭೂಮಿಯ ಮೇಲಿದೆ. ಅಲ್ಲಿಂದ ಪಿಯಾಟ್ಸಾಲೆ ರೋಮಾ ಎಂಬ ಬಸ್ ನಿಲ್ದಾಣಕ್ಕೆ ಇಪ್ಪತ್ತು, ಇಪ್ಪತ್ತೈದು ನಿಮಿಷಗಳ ಬಸ್ ಪ್ರಯಾಣ. ಅಲಿಲಗೂನಾ ದೋಣಿಗಳೂ ಇವೆ, ಆದರೆ ನಗರದ ಮುಖ್ಯ ಚೌಕವಾದ ಸಾನ್ ಮಾರ್ಕೊ ತಲುಪಲು ಅವಕ್ಕೆ ಒಂದು ಗಂಟೆಗೂ ಹೆಚ್ಚು ಸಮಯ ಬೇಕು. ವಾಟರ್ ಟ್ಯಾಕ್ಸಿ ಹೋಟೆಲಿನ ಹತ್ತಿರದ ಕಟ್ಟೆಗೇ ಇಳಿಸುತ್ತದೆ, ಆದರೆ ನೂರು ಯೂರೊಗಿಂತ ಹೆಚ್ಚು ತೆರಬೇಕು. ಇವೆಲ್ಲವನ್ನೂ ಕೂಡಿಸಿ ನೋಡಿದರೆ ವಿಮಾನದಿಂದ ಉಳಿಯುವುದು ಹೆಚ್ಚೆಂದರೆ ಎರಡು ಗಂಟೆ, ಮತ್ತು ಆ ಉಳಿತಾಯಕ್ಕಾಗಿ ಹಿರಿಯರು ನಾಲ್ಕೈದು ಕಡೆ ಏಳಬೇಕು, ಸಾಲಿನಲ್ಲಿ ನಿಲ್ಲಬೇಕು, ಪೆಟ್ಟಿಗೆ ಎತ್ತಿಳಿಸಬೇಕು.

ಕಾರನ್ನು ನಾನು ಶಿಫಾರಸು ಮಾಡಲಾರೆ. ಸುಮಾರು 550 ಕಿಲೋಮೀಟರ್ ಚಾಲನೆ, ಆಸ್ಟ್ರಿಯಾದ ಹೆದ್ದಾರಿ ಚೀಟಿ, ಆಲ್ಪ್ಸ್ ದಾಟುವ ಬ್ರೆನ್ನರ್ ಹೆದ್ದಾರಿಗೆ ಪ್ರತ್ಯೇಕ ಸುಂಕ, ಇಟಲಿಯಲ್ಲಿ ದೂರಕ್ಕೆ ತಕ್ಕಂತೆ ಟೋಲ್, ಇಷ್ಟೆಲ್ಲ ಆದ ಮೇಲೂ ಪಿಯಾಟ್ಸಾಲೆ ರೋಮಾ ಅಥವಾ ಟ್ರೊಂಕೆಟ್ಟೊ ಎಂಬ ಪಾರ್ಕಿಂಗ್ ದ್ವೀಪದಲ್ಲಿ ದುಬಾರಿ ಬಾಡಿಗೆ ಕೊಟ್ಟು ಕಾರು ನಿಲ್ಲಿಸಿ ನಡೆದೇ ಹೋಗಬೇಕು. ಬ್ರೆನ್ನರ್ ದಾರಿಯಲ್ಲಿ ಲ್ಯೂಗ್ ಸೇತುವೆಯ ಮರುನಿರ್ಮಾಣ ನಡೆಯುತ್ತಿರುವುದರಿಂದ ರಜಾದಿನಗಳಲ್ಲಿ ವಾಹನಗಳ ಸಾಲು ಇನ್ನೂ ಉದ್ದವಾಗಿದೆ. ಫ್ಲಿಕ್ಸ್‌ಬಸ್ ಎಂಬ ದೂರಪ್ರಯಾಣದ ಬಸ್ಸು ಎಲ್ಲಕ್ಕಿಂತ ಅಗ್ಗ. ನೀವು ಒಬ್ಬರೇ ಹೋಗುವುದಾದರೆ ಅದೇ ಸಾಕು ಎನ್ನುತ್ತಿದ್ದೆ. ಹಿರಿಯರಿಗೆ ಏಳು ಗಂಟೆ ಬಸ್ಸಿನ ಸೀಟಿನಲ್ಲಿ ಕಾಲು ಮಡಚಿ ಕುಳಿತಿರುವುದು ಕಷ್ಟ.

ನೇರ ರೈಲು ಇನ್ಸ್‌ಬ್ರುಕ್, ಬ್ರೆನ್ನರ್ ಕಣಿವೆ, ಬೊಲ್ಜಾನೊ, ವೆರೋನಾ ಮಾರ್ಗವಾಗಿ ಆರೂವರೆಯಿಂದ ಏಳು ಗಂಟೆಯಲ್ಲಿ ವೆನಿಸ್ ತಲುಪುತ್ತದೆ. ಹಿರಿಯರು ಎದ್ದು ಓಡಾಡಬಹುದು, ಶೌಚಾಲಯ ಪಕ್ಕದಲ್ಲೇ ಇರುತ್ತದೆ, ಮನೆಯಿಂದ ತಂದ ಚಪಾತಿ, ಪುಳಿಯೋಗರೆಯನ್ನು ಯಾವ ಸಂಕೋಚವೂ ಇಲ್ಲದೆ ಬಿಚ್ಚಿ ತಿನ್ನಬಹುದು. 1867ರಲ್ಲಿ ಆರಂಭವಾದ ಈ ಬ್ರೆನ್ನರ್ ರೈಲುಮಾರ್ಗ ಸಮುದ್ರಮಟ್ಟದಿಂದ ಸುಮಾರು 1,370 ಮೀಟರ್ ಎತ್ತರದಲ್ಲಿ ಆಲ್ಪ್ಸ್ ಪರ್ವತವನ್ನು ದಾಟುತ್ತದೆ. ಶಿಖರದ ನಿಲ್ದಾಣದಲ್ಲಿ ರೈಲು ನಿಂತಾಗ ಫಲಕದ ಮೇಲೆ ಇಟಾಲಿಯನ್ ಮತ್ತು ಜರ್ಮನ್ ಎರಡರಲ್ಲೂ ಊರಿನ ಹೆಸರು ಕಾಣುತ್ತದೆ. ಅಲ್ಲಿಂದ ಇಳಿಯುವಾಗ ಫೊರ್ಟೆಟ್ಸಾದ ಹಳೆಯ ಕೋಟೆ, ಬಳಿಕ ಆದಿಜೆ ನದಿಯ ಕಣಿವೆಯುದ್ದಕ್ಕೂ ಸಾಲುಸಾಲಾಗಿ ಸೇಬಿನ ತೋಟ, ದ್ರಾಕ್ಷಿ ತೋಟಗಳು. ನಮ್ಮ ಮಾವನವರು ರೈತರಾದ್ದರಿಂದ ಆ ತೋಟಗಳಿಗೆ ನೀರು ಹೇಗೆ ಕೊಡುತ್ತಾರೆ, ಬಲೆ ಏಕೆ ಹೊದಿಸಿದ್ದಾರೆ ಎಂದು ನೋಡುತ್ತ ಕಿಟಕಿ ಬಿಟ್ಟು ಅಲುಗಾಡಲೇ ಇಲ್ಲ. ಈ ಪ್ರಯಾಣವೇ ಪ್ರವಾಸದ ಅರ್ಧ ಸುಖ, ಅದನ್ನು ನಿಮ್ಮ ತಂದೆ ತಾಯಿಗೆ ತಪ್ಪಿಸಬೇಡಿ.

ರಾತ್ರಿ ರೈಲು, ಅಂದರೆ ನೈಟ್‌ಜೆಟ್ ಕೂಡ ಉಂಟು. ಅದು ಸಾಲ್ಜ್‌ಬುರ್ಗ್, ಫಿಲ್ಲಾಖ್ ಕಡೆಯಿಂದ ಸುತ್ತಿ ಬೆಳಗ್ಗೆ ತಲುಪುತ್ತದೆ. ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುವುದು ನಿಜ, ಆದರೆ ಪರ್ವತಗಳೆಲ್ಲ ಕತ್ತಲಲ್ಲಿ ಕಳೆದುಹೋಗುತ್ತವೆ, ಮತ್ತು ನಿದ್ದೆಗೆಟ್ಟ ಹಿರಿಯರಿಗೆ ಮಧ್ಯಾಹ್ನದವರೆಗೆ ಕೋಣೆ ಸಿಗುವುದಿಲ್ಲ.

ಟಿಕೆಟ್ ಕೊಳ್ಳುವಾಗ ಗಮನಿಸಬೇಕಾದ ಸಂಗತಿಗಳಿವೆ. ದಿನದ ಎಲ್ಲ ರೈಲುಗಳೂ ವೆನಿಸ್‌ಗೆ ನೇರವಾಗಿ ಹೋಗುವುದಿಲ್ಲ. ಕೆಲವದರಲ್ಲಿ ವೆರೋನಾದಲ್ಲಿ ಇಳಿದು ಬದಲಿಸಬೇಕು. ಆದ್ದರಿಂದ ಬದಲಾವಣೆ ಸೊನ್ನೆ ಎಂದಿರುವುದನ್ನೇ ಆರಿಸಿ, ಟಿಕೆಟ್ ಜೊತೆಗೆ ಸೀಟನ್ನೂ ಕಾಯ್ದಿರಿಸಿ. ಅಗ್ಗದ ದರದ ಟಿಕೆಟ್‌ಗಳು ತಿಂಗಳುಗಟ್ಟಲೆ ಮೊದಲೇ ಮಾರಾಟಕ್ಕೆ ಬರುತ್ತವೆ ಮತ್ತು ಬೇಗ ಮುಗಿಯುತ್ತವೆ. ಈ ಮಾರ್ಗದಲ್ಲಿ ಹಳಿ ದುರಸ್ತಿಗಾಗಿ ಆಗಾಗ ಸ್ವಲ್ಪ ದೂರ ಬಸ್ಸಿನಲ್ಲಿ ಸಾಗಿಸುವುದುಂಟು, ಅಂಥ ದಿನವನ್ನು ತಪ್ಪಿಸಿ. ನಿಮ್ಮ ಮನೆ ನಗರದ ಪೂರ್ವ ಭಾಗದಲ್ಲಿದ್ದರೆ, ಮುಖ್ಯ ನಿಲ್ದಾಣದ ಗದ್ದಲಕ್ಕೆ ಹೋಗದೆ ಮ್ಯೂನಿಕ್ ಪೂರ್ವ ನಿಲ್ದಾಣದಲ್ಲೇ ಹತ್ತಬಹುದು.

ಬಹಳ ಮುಖ್ಯವಾದ ಮಾತು: ಈ ರೈಲು ನಿಲ್ಲುವ ವೆನಿಸ್ ಹೆಸರಿನ ನಿಲ್ದಾಣಗಳು ಎರಡು. ಮೊದಲು ಬರುವ ವೆನೆಟ್ಸಿಯಾ ಮೆಸ್ತ್ರೆ ಮುಖ್ಯಭೂಮಿಯಲ್ಲಿದೆ, ಅಲ್ಲಿ ಇಳಿಯಬೇಡಿ. ಅಲ್ಲಿಂದ ರೈಲು 1846ರಲ್ಲಿ ಕಟ್ಟಿದ ಉದ್ದನೆಯ ಸೇತುವೆಯ ಮೇಲೆ ಹಿನ್ನೀರನ್ನು ದಾಟಿ, ಹತ್ತು ನಿಮಿಷದಲ್ಲಿ ವೆನೆಟ್ಸಿಯಾ ಸಾಂತಾ ಲುಚಿಯಾ ಸೇರುತ್ತದೆ. ಈ ನಿಲ್ದಾಣದ ಬಾಗಿಲಿನಿಂದ ಹೊರಗೆ ಬಂದರೆ ಎದುರಿಗೇ ದೊಡ್ಡ ಕಾಲುವೆ, ಆಚೆ ದಡದಲ್ಲಿ ಹಸಿರು ಗುಮ್ಮಟದ ಚರ್ಚು. ವಿಮಾನ, ಬಸ್ಸು, ಕಾರು ಇವುಗಳಲ್ಲಿ ಬಂದವರು ಪಿಯಾಟ್ಸಾಲೆ ರೋಮಾದಿಂದ ಈ ಕಡೆಗೆ 2008ರಲ್ಲಿ ತೆರೆದ ಹೊಸ ಸೇತುವೆಯ ಮೆಟ್ಟಿಲು ಹತ್ತಿ ಬರಬೇಕು, ನಿಮಗೆ ಆ ಕಷ್ಟವಿಲ್ಲ.

ಹೋಟೆಲನ್ನು ನಿಲ್ದಾಣದಿಂದ ಎಡಕ್ಕೆ ಹೋಗುವ ಲಿಸ್ತಾ ದಿ ಸ್ಪಾನ್ಯಾ ಬೀದಿಯಲ್ಲಿಯೇ ನೋಡಿ. ಗುಲ್ಯೆ ಸೇತುವೆಯವರೆಗೆ ಒಂದು ಸೇತುವೆಯನ್ನೂ ದಾಟುವ ಅಗತ್ಯವಿಲ್ಲ. ಹಳೆಯ ಕಟ್ಟಡಗಳಾದ್ದರಿಂದ ಲಿಫ್ಟ್ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ದೊಡ್ಡ ಸೂಟ್‌ಕೇಸುಗಳನ್ನು ಮ್ಯೂನಿಕ್ ಮನೆಯಲ್ಲೇ ಬಿಟ್ಟು, ತಲೆಗೊಂದು ಚಿಕ್ಕ ಚೀಲ ಮಾತ್ರ ತೆಗೆದುಕೊಳ್ಳಿ.

ಊರೊಳಗೆ ಓಡಾಡಲು ವಾಪೊರೆಟ್ಟೊ ಎಂಬ ಸಾರ್ವಜನಿಕ ದೋಣಿಗಳಿವೆ. 75 ನಿಮಿಷದ ಒಂದು ಟಿಕೆಟ್‌ಗೆ 9.50 ಯೂರೊ, 24 ಗಂಟೆಯದಕ್ಕೆ 25 ಯೂರೊ. ಆದ್ದರಿಂದ ಮೂರು ಸಲ ಹತ್ತುವುದಾದರೆ ದಿನದ ಟಿಕೆಟೇ ಲಾಭ. ಒಂದನೆಯ ನಂಬರಿನ ದೋಣಿ ದೊಡ್ಡ ಕಾಲುವೆಯುದ್ದಕ್ಕೂ ನಿಲ್ಲುತ್ತಾ ಹೋಗುತ್ತದೆ, ಹಿರಿಯರಿಗೆ ಅರಮನೆಗಳನ್ನು ಕುಳಿತಲ್ಲೇ ತೋರಿಸಲು ಅದಕ್ಕಿಂತ ಚೆನ್ನಾದುದು ಇಲ್ಲ. ಹತ್ತುವ ಮೊದಲು ಟಿಕೆಟನ್ನು ಯಂತ್ರಕ್ಕೆ ತಾಗಿಸಿ, ಮತ್ತು ದೋಣಿ ಯಾವ ದಿಕ್ಕಿಗೆ ಹೋಗುತ್ತದೆಂದು ಕೇಳಿ ಹತ್ತಿ.

ವಸಂತದಿಂದ ಬೇಸಿಗೆಯವರೆಗಿನ ಆಯ್ದ ದಿನಗಳಲ್ಲಿ, ಒಂದು ದಿನದ ಮಟ್ಟಿಗೆ ಬಂದು ಹೋಗುವವರಿಗೆ ನಗರಾಡಳಿತ 2024ರಿಂದ ಪ್ರವೇಶ ಶುಲ್ಕ ವಿಧಿಸಿದೆ. ರಾತ್ರಿ ತಂಗುವ ನೀವು ಅದನ್ನು ಕಟ್ಟಬೇಕಿಲ್ಲ, ಆದರೆ ಜಾಲತಾಣದಲ್ಲಿ ವಿನಾಯಿತಿ ನೋಂದಾಯಿಸಿ ಕ್ಯೂಆರ್ ಕೋಡ್ ಪಡೆದಿರಬೇಕು. ತಂದೆ ತಾಯಿಯ ಷೆಂಗೆನ್ ವೀಸಾ ಇಟಲಿಗೂ ಸಲ್ಲುತ್ತದೆ. ಹಿಂತಿರುಗುವಾಗ ಜರ್ಮನಿಯ ಗಡಿಯಲ್ಲಿ ಪೊಲೀಸರು ರೈಲಿನೊಳಗೆ ಬಂದು ತಪಾಸಣೆ ಮಾಡುವುದುಂಟು, ಹಾಗಾಗಿ ಎಲ್ಲರ ಪಾಸ್‌ಪೋರ್ಟ್‌ಗಳೂ ಸೀಟಿನ ಮೇಲಿನ ಸಾಮಾನು ಅಟ್ಟಕ್ಕೆ ಏರಿಸಿದ ಚೀಲದಲ್ಲಿರದೆ ನಿಮ್ಮ ಕೈಚೀಲದಲ್ಲೇ ಇರಲಿ.